ಕಿವುಡು ಡಬ್ಬಿ

ಉಪಯೋಗ ಉಂಟಾ ಎಂದು ಕೇಳಿದೆಯಲ್ಲ ಟಮ್ಸಿನ್,
ಇರು, ಚಹಾಕ್ಕೆ ನೀರಿಟ್ಟು ಹೇಳುತ್ತೇನೆ.
ದೀಪ ಹಾಕಲು ಗೋಡೆಯ ಸ್ವಿಚ್ಚಿಗೇನು ಬರ ಬಂದಿತ್ತು?
ಮೊಟ್ಟೆ ಬೆಂದದ್ದು ಪಾತ್ರೆಯ ಸದ್ದಿನಲ್ಲೇ ತಿಳಿಯುತ್ತದೆ ನನಗೆ.
ಮಳೆ ಬರುತ್ತದೆಯೇ ಎಂದರೆ
ಇಲ್ಲ ಎನ್ನುತ್ತದೆ,
ನ್ಯೂಲಿನ್ ಬಂದರಿನ ಅಷ್ಟೂ ಮಳೆ
ಕಿಟಕಿಗೆ ಮುಖ ಒತ್ತಿ ನಿಂತಿರುವಾಗ.

ಕದ್ದು ಕೇಳುತ್ತದಂತೆ, ಎನ್ನುತ್ತಾನೆ ಅಳಿಯ ಪೆರನ್,
ಕೇಳಿದ್ದನ್ನೆಲ್ಲ ಯಾರಿಗೋ ಮಾರುತ್ತದಂತೆ.
ಮಾರಲಿ ಬಿಡು.
ಈ ಮನೆಯಲ್ಲಿ ಕದಿಯುವಷ್ಟು ಮಾತು
ಎಲ್ಲಿ ಉಳಿದಿತ್ತು?

ನಿನಗೆ ನೆನಪಿರಬೇಕು ಡೆನ್ಜಿಲನ ಗಂಟಲು.
ಮೂವತ್ತೊಂದು ವರ್ಷ ಮೀನು ಹರಾಜು.
ಬೆಳಗಿನ ಆರಕ್ಕೆ ಮಂಜುಗಡ್ಡೆಯಲ್ಲಿ ಬೂಟು ಊರಿ
ನಂಗು, ಬಂಗುಡೆ, ಯಾರಿಗೂ ಬೇಡದ ಮುಳ್ಳುಮೀನು
ಪೆಟ್ಟಿಗೆ ಪೆಟ್ಟಿಗೆ ದಾಟುತ್ತ
ಒಂದು ಸಲ, ಎರಡು ಸಲ, ಎನ್ನುವಷ್ಟರಲ್ಲಿ
ಚಾವಣಿಯ ಕಡಲಹಕ್ಕಿಗಳೂ ಬಾಯಿ ಮುಚ್ಚುತ್ತಿದ್ದವು,
ಬೆಲೆ ತೆರಬೇಕಾದವರು ತಾವೇ ಎಂಬಂತೆ.
ಈ ಗುಡ್ಡದ ಮೇಲೆ, ಹಾಸಿಗೆಯಲ್ಲೇ
ನಾನು ಕೇಳಿಸಿಕೊಳ್ಳುತ್ತಿದ್ದೆ
ಇವತ್ತು ಯಾವುದು ಎಷ್ಟಕ್ಕೆ ಹೋಯಿತೆಂದು.

ಮೊದಲು ನಡುಗಿದ್ದು ಎಡಗೈ ಹೆಬ್ಬೆರಳು.
ಆಮೇಲೆ ಅಂಗಿಯ ಗುಂಡಿಗಳು ದೂರವಾದವು.
ದನಿ ಹೋದದ್ದು ಮಾತ್ರ ಯಾರಿಗೂ ತಿಳಿಯಲಿಲ್ಲ.
ನೀರು ಇಳಿಯುವ ಹಾಗೆ,
ನೋಡುತ್ತಲೇ ಇದ್ದೆವು, ನೋಡಿದರೆ ಬರೀ ಕೆಸರು.
ಅವನ ಲೆಕ್ಕದಲ್ಲಿ ಅವನು ಕೂಗುತ್ತಲೇ ಇದ್ದ.
ಲೋಕಕ್ಕೇ ಕಿವಿ ಮಂದವಾಯಿತು ಎಂದು ಬೈಯುತ್ತಿದ್ದ,
ಅದೂ ಪಿಸುಮಾತಿನಲ್ಲಿ.

ನನ್ನ ಕಿವಿ ಚುರುಕಾಯಿತು.
ತುಟಿ ಅಲುಗಿದರೆ ನೀರು,
ಹುಬ್ಬು ಅಲುಗಿದರೆ ಮಾತ್ರೆ,
ಮೊದಲ ಅಕ್ಷರ ಹೊರಡುವಷ್ಟರಲ್ಲಿ ಕಿಟಕಿ ಮುಚ್ಚಿರುತ್ತಿದ್ದೆ.
ಅಂಗಡಿಯಲ್ಲಿ, ಡಾಕ್ಟರ ಮುಂದೆ, ಫೋನಿನಲ್ಲಿ ಮೊಮ್ಮಗಳಿಗೆ
ಅವನ ಮಾತೆಲ್ಲ ನಾನೇ ಆಡಿದೆ.
ಎಂಥ ಹೆಂಡತಿ ಎಂದು ಊರು ಹೊಗಳಿತು.
ನಾನೂ ಉಬ್ಬಿದೆ, ಸುಳ್ಳೇಕೆ.

ಆಗ ಮೊಮ್ಮಗಳು ಕಳಿಸಿದ್ದು ಇದು.
ಜಾಮ್ ಬಾಟಲಿಯಷ್ಟು ಎತ್ತರ,
ಬ್ರೆಡ್ಡಿನ ಪಕ್ಕ ಕೂತಿತು.
ಡೆನ್ಜಿಲ್ ಏನೋ ಕೇಳಿದ.
ಸುಮ್ಮನಿತ್ತು.
ಮತ್ತೆ ಕೇಳಿದ. ಸುಮ್ಮನಿತ್ತು.
ನಾನು ಬಾಯಿ ಹಾಕಹೋದೆ,
ನಡುಗುವ ಕೈ ಎತ್ತಿ ತಡೆದ.
ಕರುಣೆ ಎಂಬುದು ಅದಕ್ಕೆ ಇಲ್ಲ ನೋಡು,
ಹುಬ್ಬು ಓದಲು ಬರುವುದಿಲ್ಲ,
ಇಷ್ಟು ಎತ್ತರದ ಸೊಲ್ಲು ಬೇಕೆಂದರೆ ಬೇಕು,
ಸಂತೆಯ ಜಿಪುಣ ಗಿರಾಕಿಯ ಹಾಗೆ,
ಕೂಗದ ಹೊರತು ತಲೆಯೆತ್ತದು.

ಬುಧವಾರದ ಹೊತ್ತಿಗೆ
ಮೇಜಿನ ಅಂಚು ಹಿಡಿದು ನಿಂತು
ಹೊಟ್ಟೆಯಿಂದ ಉಸಿರೆಳೆದು ಕೂಗಿದ:
ಇವತ್ತು ಉಬ್ಬರ ಎಷ್ಟು ಹೊತ್ತಿಗೆ?
ಡಬ್ಬಿಯ ತಲೆಯಲ್ಲಿ ನೀಲಿ ಬಳೆ ಹೊತ್ತಿತು.
ಗಂಟೆ, ನಿಮಿಷ, ಮೀಟರು, ಎಲ್ಲ ಹೇಳಿತು.
ಅದು ಬೇರಾವುದೋ ಬಂದರಿನ ಉಬ್ಬರ.
ಏನಾಯಿತೀಗ, ಕೇಳಿಸಿತಲ್ಲ.

ಈಗ ದಿನಾ ಬೆಳಗ್ಗೆ ಅದರೊಡನೆ ಜಗಳ.
ಮೊನ್ನೆ ಹನ್ನೊಂದು ಪೆಟ್ಟಿಗೆ ನಂಗು ಹರಾಜು ಕೂಗಿದ್ದಾನೆ.
ಒಂದು ಸಲ, ಎರಡು ಸಲ...
'ಸಾಮಾನಿನ ಪಟ್ಟಿಗೆ ಸೇರಿಸಿದ್ದೇನೆ' ಎಂದಿತು.
ಅವನು ನಕ್ಕದ್ದು ನಿನ್ನ ಮನೆಗೂ ಕೇಳಿಸಿರಬೇಕು.
ಇಲ್ಲವೇ? ಹೋಗಲಿ.
ಅಡುಗೆಮನೆ ತುಂಬ ಕೇಳಿಸಿತು.

ನನ್ನೊಡನೆ ಮಾತ್ರ ಅದೇ ಪಿಸುದನಿ.
ನನ್ನ ಕಿವಿಯ ಮೇಲೆ ಅಷ್ಟು ಭರವಸೆ.
ನಿನ್ನೆ ರಾತ್ರಿ ದೀಪ ಆರಿದ ಮೇಲೆ
ದಿಂಬಿನೊಳಗೆ ಏನೋ ಅಂದ, ನನ್ನ ಹೆಸರು ಸೇರಿಸಿ.
ಒಂದಕ್ಷರ ಬಿಡದೆ ಕೇಳಿಸಿತು.
ಏನು? ಎಂದೆ.
ಮತ್ತೆ ಅಂದ.
ಕೇಳಿಸಲಿಲ್ಲ ಡೆನ್ಜಿಲ್, ಎಂದೆ, ಗೋಡೆಗೆ ಮುಖ ಮಾಡಿ.
ಮಂಚ ಕಿರುಗುಟ್ಟಿತು.
ಮೊಣಕೈ ಊರಿ ಏಳುತ್ತಿದ್ದ,
ಉಸಿರೆಳೆದುಕೊಳ್ಳುತ್ತಿದ್ದ.